ಆರು ಗಂಟೆಗಳ ಗಡುವು: ಗಂಡುಮಕ್ಕಳ ತುರ್ತು ನೋವು ಮತ್ತು ಅಲ್ಟ್ರಾಸೌಂಡ್



ವೈದ್ಯಕೀಯದ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ವೈದ್ಯರಲ್ಲದವರಿಗೂ ತಿಳಿಯುವಂತೆ ಹೇಳಿಸಬೇಕು ಎಂಬುದು ಈ ಉಪನ್ಯಾಸ ನಡೆಸುವ ದತ್ತಿಯ ಆಶಯ.  ಹೃದಯಾಘಾತ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಇವುಗಳ ಬಗ್ಗೆ ಸಭೆಗಳಲ್ಲಿ ಸಾಕಷ್ಟು ಮಾತು ನಡೆಯುತ್ತದೆ, ನಡೆಯಬೇಕಾದದ್ದೇ. ಇವತ್ತು ನಾನು ಎತ್ತಿಕೊಂಡಿರುವುದು ಸಭೆಯಲ್ಲಿರಲಿ, ಮನೆಯೊಳಗೂ ಯಾರೂ ಬಾಯಿಬಿಟ್ಟು ಆಡದ ವಿಷಯ. ಗಂಡುಮಕ್ಕಳ ಜನನಾಂಗದಲ್ಲಿ ದಿಢೀರನೆ ಕಾಣಿಸಿಕೊಳ್ಳುವ ತೊಂದರೆಗಳು, ಅವುಗಳನ್ನು ಗುರುತಿಸಲು ಅಲ್ಟ್ರಾಸೌಂಡ್ ಸ್ಕ್ಯಾನ್ ಹೇಗೆ ನೆರವಾಗುತ್ತದೆ, ಎಲ್ಲಿ ಅದು ಸೋಲುತ್ತದೆ ಎಂಬುದು ಇಂದಿನ ಉಪನ್ಯಾಸದ ವಸ್ತು.

ನಾನು ರೇಡಿಯಾಲಜಿಸ್ಟ್. ನನ್ನ ವೃತ್ತಿಯಲ್ಲಿ ಗಡಿಯಾರ ಬಹಳ ಮುಖ್ಯವಾಗುವ ಕೆಲವು ಸ್ಕ್ಯಾನ್‌ಗಳಿವೆ. ಅವುಗಳಲ್ಲಿ ವೃಷಣದ ಸ್ಕ್ಯಾನ್ ಒಂದು. ಯಂತ್ರದ ಕೆಲಸ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಅದಕ್ಕೆ ಮೊದಲು ಸಂಕೋಚದಲ್ಲಿ, ಮನೆಮದ್ದಿನಲ್ಲಿ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡಾಡುವುದರಲ್ಲಿ ಕಳೆದುಹೋಗುವುದು ಗಂಟೆಗಳು, ಕೆಲವೊಮ್ಮೆ ದಿನಗಳು. ಒಂದು ಅಂಗ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಗಂಟೆಗಳಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ. ನಾನು ಇಂದು ಹೇಳಬೇಕಾದದ್ದು ಇಷ್ಟೇ: ಈ ನೋವನ್ನು ಮುಚ್ಚಿಡಬಾರದು, ಸ್ಕ್ಯಾನ್‌ಗಾಗಿ ಶಸ್ತ್ರಚಿಕಿತ್ಸೆಯನ್ನು ತಡಮಾಡಲೂಬಾರದು. ಉಳಿದ ಮಾತೆಲ್ಲ ಇದರ ವಿವರಣೆ.

ಹೊಟ್ಟೆನೋವು ಎನ್ನುವ ಹುಡುಗ

ವಸತಿ ಶಾಲೆಯೊಂದರಲ್ಲಿ ಓದುತ್ತಿರುವ ಎಂಟನೇ ತರಗತಿಯ ಹುಡುಗನನ್ನು ಊಹಿಸಿಕೊಳ್ಳಿ. ನಡುರಾತ್ರಿ ಎಚ್ಚರವಾಗಿದೆ. ಕೆಳಹೊಟ್ಟೆ ಹಿಂಡಿದಂತೆ ನೋಯುತ್ತಿದೆ. ಎರಡು ಸಲ ವಾಂತಿಯಾಗಿದೆ. ವಾರ್ಡನ್ ಕೇಳಿದರೆ ‘ಹೊಟ್ಟೆನೋವು ಸಾರ್’ ಎನ್ನುತ್ತಾನೆ. ಅಜೀರ್ಣವೆಂದು ಭಾವಿಸಿ ಜೀರಿಗೆ ಕಷಾಯವೋ ಗ್ಯಾಸ್‌ನ ಮಾತ್ರೆಯೋ ಕೊಟ್ಟು ಮಲಗಿಸುತ್ತಾರೆ. ಬೆಳಗಾಗುತ್ತದೆ. ನಡೆಯುವಾಗ ಅವನು ಕಾಲು ಅಗಲಿಸುತ್ತಿದ್ದಾನೆ ಎಂಬುದನ್ನು ಯಾರೋ ಗಮನಿಸುತ್ತಾರೆ. ಅಷ್ಟರಲ್ಲಿ ಎಂಟು ಗಂಟೆ ಕಳೆದಿದೆ.

ಆ ಹುಡುಗ ನಾಚಿಕೆಯಿಂದ ಸುಳ್ಳು ಹೇಳಿದ ಎಂದು ಯಾರೂ ದೂರಬಾರದು. ಅವನಿಗೆ ನಿಜವಾಗಿಯೂ ಹೊಟ್ಟೆಯಲ್ಲೇ ನೋವು. ತಾಯಿಯ ಗರ್ಭದಲ್ಲಿ ವೃಷಣ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಹೆರಿಗೆಯ ಹೊತ್ತಿಗೆ ಅದು ಕೆಳಗಿಳಿದು ವೃಷಣಚೀಲ ಸೇರುತ್ತದೆ. ಇಳಿಯುವಾಗ ತನ್ನ ರಕ್ತನಾಳವನ್ನೂ ನರವನ್ನೂ ಜೊತೆಯಲ್ಲೇ ಎಳೆದುಕೊಂಡು ಬರುತ್ತದೆ. ಅದಕ್ಕೇ ವೃಷಣದ ಧಮನಿ ಕವಲೊಡೆಯುವುದು ತೊಡೆಸಂದಿಯಲ್ಲಿ ಅಲ್ಲ, ಹೊಟ್ಟೆಯ ಮಹಾಧಮನಿಯಲ್ಲಿ. ನೋವನ್ನು ಹೊತ್ತೊಯ್ಯುವ ನರಗಳು ಬೆನ್ನುಹುರಿಯನ್ನು ಸೇರುವುದು ಹೊಕ್ಕುಳಿನ ಮಟ್ಟಕ್ಕೆ ಸಂಬಂಧಿಸಿದ ಭಾಗದಲ್ಲಿ. ವೃಷಣಕ್ಕೆ ಪೆಟ್ಟಾದರೆ ಹೊಟ್ಟೆ ತೊಳಸುವುದೂ ವಾಂತಿ ಬರುವುದೂ ಇದರಿಂದಲೇ.

ಆದ್ದರಿಂದ ಒಂದು ನಿಯಮವನ್ನು ಎಲ್ಲ ತಂದೆತಾಯಿಗಳೂ ವಾರ್ಡನ್‌ಗಳೂ, ಅಷ್ಟೇ ಮುಖ್ಯವಾಗಿ ಕಿರಿಯ ವೈದ್ಯರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹುಡುಗ ಕೆಳಹೊಟ್ಟೆ ನೋವೆಂದರೆ ಚಡ್ಡಿ ಇಳಿಸಿ ನೋಡದೆ ವೈದ್ಯರ ಪರೀಕ್ಷೆ ಪೂರ್ಣವಾಗುವುದಿಲ್ಲ. ಇದನ್ನು ಮರ್ಯಾದೆಯಿಂದ, ಪರದೆಯ ಮರೆಯಲ್ಲಿ, ಮನೆಯವರೊಬ್ಬರ ಎದುರಿಗೆ ಮಾಡಬಹುದು. ಮಾಡಲೇಬೇಕು.

ಹುರಿ ತಿರುಚಿದಾಗ

ಇಂಥ ನೋವಿಗೆ ಹಲವು ಕಾರಣಗಳಿವೆ. ಮೊದಲು ತಲೆಗೆ ಬರಬೇಕಾದದ್ದು ವೃಷಣ ತಿರುಚಿಕೊಳ್ಳುವುದು. ಆಸ್ಪತ್ರೆಗಳಲ್ಲಿ ಇದನ್ನು ಟಾರ್ಷನ್ ಎನ್ನುತ್ತೇವೆ. 25 ವರ್ಷದೊಳಗಿನ ಗಂಡಸರಲ್ಲಿ ವರ್ಷಕ್ಕೆ ಸುಮಾರು 4,000 ಮಂದಿಗೆ ಒಬ್ಬರಲ್ಲಿ ಇದು ಕಾಣಿಸುತ್ತದೆ ಎಂಬುದು ವೈದ್ಯಕೀಯ ಗ್ರಂಥಗಳ ಅಂದಾಜು. ನವಜಾತ ಶಿಶುಗಳಲ್ಲಿ ಒಮ್ಮೆ, ಮೀಸೆ ಚಿಗುರುವ ವಯಸ್ಸಿನಲ್ಲಿ ಇನ್ನೊಮ್ಮೆ ಇದರ ಪ್ರಮಾಣ ಏರುತ್ತದೆ. ಹನ್ನೆರಡರಿಂದ ಹದಿನೆಂಟರ ಹುಡುಗರಲ್ಲಿ ಹೆಚ್ಚು.

ಸಾಮಾನ್ಯವಾಗಿ ವೃಷಣವು ಚೀಲದ ಹಿಂಗೋಡೆಗೆ ಅಂಟಿಕೊಂಡಿರುತ್ತದೆ, ಹಾಗಾಗಿ ತಿರುಗುವುದಿಲ್ಲ. ಕೆಲವರಲ್ಲಿ ಆ ಅಂಟು ಹುಟ್ಟಿನಿಂದಲೇ ಇರುವುದಿಲ್ಲ. ಗಂಟೆಯೊಳಗಿನ ನಾಲಗೆ ಹೇಗೆ ಮೇಲಿನಿಂದ ಮಾತ್ರ ತೂಗುತ್ತದೋ ಹಾಗೆ ವೃಷಣ ತನ್ನ ಹುರಿಯಿಂದ ಮಾತ್ರ ತೂಗುತ್ತದೆ. ಪ್ರಾಯದಲ್ಲಿ ಅದರ ಗಾತ್ರ ಬೇಗ ಹೆಚ್ಚುತ್ತದೆ. ಚಳಿಗೋ, ನಿದ್ದೆಯಲ್ಲೋ, ಆಟದ ಮೈದಾನದಲ್ಲೋ ಸ್ನಾಯು ಫಕ್ಕನೆ ಬಿಗಿದಾಗ ಅದು ತನ್ನ ಸುತ್ತ ತಾನೇ ತಿರುಗಿಬಿಡುತ್ತದೆ. ಅರ್ಧ ಸುತ್ತು, ಒಂದು ಸುತ್ತು, ಕೆಲವೊಮ್ಮೆ ಎರಡು ಸುತ್ತು. ಹುರಿಯೊಳಗೆ ಸಾಗುವ ರಕ್ತನಾಳಗಳೂ ಜೊತೆಗೇ ತಿರುಚಿಕೊಳ್ಳುತ್ತವೆ.

ಮೊದಲು ಮುಚ್ಚುವುದು ಅಭಿಧಮನಿಗಳು, ಏಕೆಂದರೆ ಅವುಗಳ ಗೋಡೆ ಮೆದು. ಒಳಗೆ ಹೋದ ರಕ್ತ ಹೊರಗೆ ಬರಲಾರದೆ ವೃಷಣ ಊದಿಕೊಳ್ಳುತ್ತದೆ. ಊದಿದ ಒತ್ತಡಕ್ಕೆ ಮುಂದೆ ಧಮನಿಯೂ ಮುಚ್ಚುತ್ತದೆ. ಇನ್ನು ಗಡುವಿನ ಲೆಕ್ಕ. ನೋವು ಶುರುವಾದ 6 ಗಂಟೆಯೊಳಗೆ ಹುರಿಯನ್ನು ಬಿಚ್ಚಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ವೃಷಣಗಳು ಉಳಿಯುತ್ತವೆ. 12 ಗಂಟೆಯ ಹೊತ್ತಿಗೆ ಇದು ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಒಂದು ದಿನ ಕಳೆದರೆ ಆಸೆ ಬಹಳ ಕಡಿಮೆ. ಈ ಅಂಕಿಗಳನ್ನು ಕೇಳಿ, ‘ಆರು ಗಂಟೆ ದಾಟಿತಲ್ಲ, ಇನ್ನು ಹೋಗಿ ಏನು ಪ್ರಯೋಜನ’ ಎಂದು ಯಾರೂ ಕೈಚೆಲ್ಲಬಾರದು. ಎಷ್ಟು ತಿರುಚಿದೆ ಎಂಬುದರ ಮೇಲೆ ಸಮಯ ಹೆಚ್ಚುಕಡಿಮೆಯಾಗುತ್ತದೆ. ತಡವಾಗಿ ಬಂದ ಕೆಲವು ಹುಡುಗರಲ್ಲೂ ವೃಷಣ ಉಳಿದದ್ದಿದೆ.

ಲಕ್ಷಣಗಳು ಇವು: ಒಂದು ಬದಿಯಲ್ಲಿ ದಿಢೀರನೆ ಬಂದ ತೀವ್ರ ನೋವು, ವಾಂತಿ, ಗಟ್ಟಿಯಾಗಿ ಊದಿದ ವೃಷಣ, ಅದು ಇನ್ನೊಂದಕ್ಕಿಂತ ಮೇಲಕ್ಕೆ ಸರಿದಿರುವುದು, ಒಳತೊಡೆಯನ್ನು ಮೆಲ್ಲಗೆ ಗೀರಿದಾಗ ಆ ಬದಿಯ ವೃಷಣ ಮೇಲಕ್ಕೆ ಜಗ್ಗದಿರುವುದು. ಇವುಗಳಲ್ಲಿ ನೋವನ್ನು ಬಿಟ್ಟು, ಊತ ಮತ್ತು ಗಟ್ಟಿತನವನ್ನು ಬೇರೆ ಬೇರೆಯಾಗಿ ಎಣಿಸಿ, 7 ಅಂಕಗಳ ಒಂದು ಪಟ್ಟಿಯನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅದಕ್ಕೆ ಟ್ವಿಸ್ಟ್ ಸ್ಕೋರ್ ಎಂದು ಹೆಸರು. ಊತಕ್ಕೆ 2, ಗಟ್ಟಿತನಕ್ಕೆ 2, ಉಳಿದ ಮೂರಕ್ಕೆ ಒಂದೊಂದು. ಎರಡು ಅಥವಾ ಅದಕ್ಕಿಂತ ಕಡಿಮೆಯಾದರೆ ಟಾರ್ಷನ್ ಇರುವ ಸಾಧ್ಯತೆ ಕಡಿಮೆ. ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಸಾಧ್ಯತೆ ಬಹಳ ಹೆಚ್ಚು; ಅಂಥ ಹುಡುಗನನ್ನು ಸ್ಕ್ಯಾನ್ ಕೋಣೆಗೆ ಅಲೆಸದೆ ನೇರವಾಗಿ ಆಪರೇಷನ್ ಥಿಯೇಟರ್‌ಗೆ ಒಯ್ಯಬಹುದು. ಸ್ಕ್ಯಾನ್‌ನಿಂದ ಹೆಚ್ಚು ಉಪಕಾರವಾಗುವುದು ನಡುವಿನವರಿಗೆ.

ಸದ್ದಿನಿಂದ ಚಿತ್ರ

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳುತ್ತದೆ. ವೃಷಣದ ಸ್ಕ್ಯಾನ್‌ಗೆ ನಾವು ಬಳಸುವ ಶಬ್ದ ಸೆಕೆಂಡಿಗೆ ಎಪ್ಪತ್ತು ಲಕ್ಷದಿಂದ ಒಂದೂವರೆ ಕೋಟಿ ಕಂಪನಗಳದ್ದು, ಕೆಲವೊಮ್ಮೆ ಇನ್ನೂ ಹೆಚ್ಚಿನದು. ಅದು ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಪದರ ಬದಲಾದಲ್ಲೆಲ್ಲ ಸ್ವಲ್ಪ ಸ್ವಲ್ಪ ಮರಳುತ್ತದೆ. ಮರಳಿದ ಪ್ರತಿಧ್ವನಿಯನ್ನು ಯಂತ್ರ ಚಿತ್ರವಾಗಿ ಜೋಡಿಸುತ್ತದೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಶಬ್ದ ಆಳಕ್ಕೆ ಇಳಿಯುವುದಿಲ್ಲ. ವೃಷಣ ಇರುವುದು ತೆಳು ಚರ್ಮದ ಕೆಳಗೇ; ಅಡ್ಡಬರುವ ಎಲುಬಿಲ್ಲ, ಗಾಳಿಯಿಲ್ಲ. ಅಲ್ಟ್ರಾಸೌಂಡ್‌ಗೆ ಇಷ್ಟು ಅನುಕೂಲವಾದ ಅಂಗ ದೇಹದಲ್ಲಿ ಕಡಿಮೆ. ವಿಕಿರಣವೂ ಇಲ್ಲ. ಸಂತಾನದ ಜೀವಕೋಶಗಳಿರುವ ಅಂಗಕ್ಕೆ ಇದು ಸಣ್ಣ ಮಾತಲ್ಲ.

ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗೆಡ್ಡೆಗಳನ್ನು ಶಬ್ದದಿಂದ ಪರೀಕ್ಷಿಸಿದ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1958ರಲ್ಲಿ. 1970ರ ದಶಕದಲ್ಲಿ ವೃಷಣವನ್ನೂ ಹೀಗೆ ನೋಡಲು ಶುರುಮಾಡಿದರು. ಆದರೆ ಬರಿಯ ಕಪ್ಪುಬಿಳುಪಿನ ಚಿತ್ರದಿಂದ ಟಾರ್ಷನ್ ಗುರುತಿಸಲು ಹೆಚ್ಚು ಪ್ರಯೋಜನವಾಗಲಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ತಿರುಚಿದ ವೃಷಣ ನೋಡಲು ಆರೋಗ್ಯವಾಗಿರುವ ವೃಷಣದಂತೆಯೇ ಇರುತ್ತದೆ. ಬಣ್ಣಗೆಟ್ಟು ಮಚ್ಚೆಮಚ್ಚೆಯಾಗಿ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಬೇಕಾಗಿದ್ದದ್ದು ರಕ್ತ ಹರಿಯುತ್ತಿದೆಯೇ ಎಂದು ತಿಳಿಸುವ ಉಪಾಯ.

ಅದರ ಬೀಜ ಹಿಂದೆಯೇ ಬಿದ್ದಿತ್ತು. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಜೋಡಿ ನಕ್ಷತ್ರಗಳ ಬಣ್ಣ ಕುರಿತು ಒಂದು ಪ್ರಬಂಧ ಮಂಡಿಸಿದ. ಅಲೆಯ ಮೂಲ ಹತ್ತಿರ ಬಂದರೆ ಕಂಪನ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ ಎಂಬುದು ಅವನ ತತ್ವ. ಮೂರು ವರ್ಷಗಳ ನಂತರ ನೆದರ್ಲೆಂಡ್ಸ್‌ನ ಬಾಯ್ಸ್ ಬ್ಯಾಲಟ್ ಎಂಬ ವಿಜ್ಞಾನಿ ಚಲಿಸುವ ರೈಲಿನಲ್ಲಿ ತುತ್ತೂರಿ ಊದಿಸಿ ಇದನ್ನು ಶಬ್ದದಲ್ಲಿ ಪರೀಕ್ಷಿಸಿದ. 1950ರ ದಶಕದಲ್ಲಿ ಜಪಾನಿನ ಒಸಾಕಾದಲ್ಲಿ ಶಿಗೆಯೊ ಸತೊಮುರಾ ಅಲ್ಟ್ರಾಸೌಂಡ್‌ನ ಈ ಗುಣವನ್ನು ಹೃದಯ ಮತ್ತು ರಕ್ತನಾಳಗಳ ಚಲನೆಗೆ ಅನ್ವಯಿಸಿದರು. 1980ರ ದಶಕದಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಬಂತು. ನಕ್ಷತ್ರಗಳಿಗಾಗಿ ಯೋಚಿಸಿದ ತತ್ವವೊಂದು ಇಂದು ಹದಿಮೂರರ ಹುಡುಗನ ಅಂಗ ಉಳಿಸುತ್ತಿದೆ. ಮೂಲವಿಜ್ಞಾನಕ್ಕೆ ಖರ್ಚುಮಾಡುವುದು ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಸ್ಕ್ಯಾನ್ ಕೋಣೆಯಲ್ಲಿ

ಹುಡುಗನನ್ನು ಅಂಗಾತ ಮಲಗಿಸುತ್ತೇವೆ. ತೊಡೆಗಳ ನಡುವೆ ಮಡಿಸಿದ ಟವೆಲ್ ಇಟ್ಟು ಚೀಲಕ್ಕೆ ಆಸರೆ ಕೊಡುತ್ತೇವೆ. ಶಿಶ್ನವನ್ನು ಮೇಲಕ್ಕೆ ಸರಿಸಿ ಬಟ್ಟೆ ಹೊದಿಸುತ್ತೇವೆ. ಜೆಲ್ ತಣ್ಣಗಿದ್ದರೆ ಚರ್ಮ ಸುಕ್ಕುಗಟ್ಟಿ ವೃಷಣ ಮೇಲಕ್ಕೆ ಜಾರುತ್ತದೆ. ಹಾಗಾಗಿ ಬಾಟಲಿಯನ್ನು ಬೆಚ್ಚಗೆ ಮಾಡಿಕೊಂಡಿರುತ್ತೇವೆ. ಯಾವ ಕಡೆ ನೋವು ಎಂದು ಕೇಳಿ, ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಪ್ರೋಬ್ ಅನ್ನು ಮೊದಲು ನೋವಿಲ್ಲದ ಕಡೆ ಇಡುತ್ತೇವೆ. ಅದು ಅವನ ಧೈರ್ಯಕ್ಕೂ ಆಯಿತು, ನಮ್ಮ ಅಳತೆಗೂ ಆಯಿತು. ಪ್ರತಿಯೊಬ್ಬ ಹುಡುಗನ ವೃಷಣದ ರಕ್ತಸಂಚಾರ ಬೇರೆ ಬೇರೆ. ಅವನ ಆರೋಗ್ಯವಂತ ವೃಷಣಕ್ಕಿಂತ ಒಳ್ಳೆಯ ಮಾನದಂಡ ಇನ್ನೊಂದಿಲ್ಲ.

ಆರೋಗ್ಯವಾದ ವೃಷಣ ತೆರೆಯ ಮೇಲೆ ನುಣ್ಣನೆಯ ಬೂದುಬಣ್ಣದ ಅಂಡಾಕಾರವಾಗಿ ಕಾಣುತ್ತದೆ. ವಯಸ್ಕರಲ್ಲಿ ಅದರ ಉದ್ದ 3ರಿಂದ 5 ಸೆಂಟಿಮೀಟರ್. ಸುತ್ತ ಬಿಳಿ ಗೆರೆಯಂತೆ ಹೊದಿಕೆ. ಮೇಲ್ತುದಿಯಲ್ಲಿ ಟೋಪಿಯಂತೆ ಕೂತಿರುವುದು, ವೀರ್ಯಾಣುಗಳು ಬಲಿಯುವ ಸುರುಳಿನಾಳವಾದ ಎಪಿಡಿಡಿಮಿಸ್‌ನ ತಲೆ. ಈಗ ಬಣ್ಣದ ಚೌಕಟ್ಟನ್ನು ತೆರೆಯುತ್ತೇವೆ. ಇಲ್ಲಿನ ರಕ್ತದ ಹರಿವು ನಿಧಾನವಾದದ್ದು. ಯಂತ್ರವನ್ನು ಹೃದಯದ ಅಥವಾ ಕತ್ತಿನ ನಾಳಗಳ ವೇಗಕ್ಕೆ ಹೊಂದಿಸಿ ಬಿಟ್ಟಿದ್ದರೆ ಆರೋಗ್ಯವಾದ ವೃಷಣದಲ್ಲೂ ಬಣ್ಣ ಕಾಣುವುದಿಲ್ಲ. ವೇಗದ ಮಿತಿಯನ್ನು ಇಳಿಸಿ, ಸೋಸುವ ಫಿಲ್ಟರನ್ನು ಕೆಳಗಿಟ್ಟು, ಗೇನನ್ನು ಚುಕ್ಕೆಗಳು ಏಳುವ ಅಂಚಿನವರೆಗೆ ಏರಿಸಿದಾಗ ಕೆಂಪು ನೀಲಿ ಎಳೆಗಳು ಒಂದೊಂದಾಗಿ ಮಿಡಿಯತೊಡಗುತ್ತವೆ. ಕೆಂಪೆಂದರೆ ಶುದ್ಧ ರಕ್ತ, ನೀಲಿಯೆಂದರೆ ಅಶುದ್ಧ ರಕ್ತ ಎಂದು ಪಕ್ಕದಲ್ಲಿ ನಿಂತ ತಂದೆ ತಿಳಿಯುವುದುಂಟು. ಹಾಗಿಲ್ಲ. ಪ್ರೋಬಿನತ್ತ ಬರುವ ಹರಿವಿಗೆ ಒಂದು ಬಣ್ಣ, ದೂರ ಹೋಗುವುದಕ್ಕೆ ಇನ್ನೊಂದು, ಅಷ್ಟೇ.

ಗುಂಡಿಗಳನ್ನು ಮುಟ್ಟದೆ, ಅದೇ ಹೊಂದಿಕೆಯಲ್ಲಿ ಪ್ರೋಬನ್ನು ನೋವಿನ ಕಡೆಗೆ ಸರಿಸುತ್ತೇವೆ. ಆಮೇಲೆ ಎರಡೂ ವೃಷಣಗಳು ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಬರುವಂತೆ ಅಡ್ಡವಾಗಿ ಹಿಡಿಯುತ್ತೇವೆ. ಒಂದು ಕಡೆ ಬಣ್ಣ ಮಿಡಿಯುತ್ತಿದ್ದು ಇನ್ನೊಂದು ಕಡೆ ಬರೀ ಬೂದು ಉಳಿದರೆ ಮಾತು ಮುಗಿಯಿತು. ಸರ್ಜನ್‌ಗೆ ಫೋನ್ ಮಾಡುವುದು ವರದಿ ಟೈಪ್ ಮಾಡುವುದಕ್ಕಿಂತ ಮೊದಲು. ಅಷ್ಟಕ್ಕೇ ನಿಲ್ಲಿಸದೆ ಪ್ರೋಬನ್ನು ಮೇಲಕ್ಕೆ, ತೊಡೆಸಂದಿಯವರೆಗೆ, ಹುರಿಯುದ್ದಕ್ಕೂ ಒಯ್ಯುತ್ತೇವೆ. ಆರೋಗ್ಯವಾದ ಹುರಿ ನೇರವಾಗಿ ಸಾಗುತ್ತದೆ. ತಿರುಚಿದ ಹುರಿ ಒಂದು ಜಾಗದಲ್ಲಿ ಪದರಪದರವಾಗಿ ಸುತ್ತಿಕೊಂಡು ಹೊಳೆಯ ಸುಳಿಯಂತೆ ಕಾಣುತ್ತದೆ. ಸುಳಿ ಕಂಡಿತೆಂದರೆ, ವೃಷಣದಲ್ಲಿ ಬಣ್ಣ ಇನ್ನೂ ಉಳಿದಿದ್ದರೂ ಅದು ಟಾರ್ಷನ್.

ಚಿತ್ರ ಮೋಸ ಮಾಡುವ ಕಡೆ

ಈ ಕೊನೆಯ ಮಾತನ್ನು ಇಲ್ಲಿರುವ ವೈದ್ಯವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ‘ಬಣ್ಣವಿದೆ, ಹಾಗಾಗಿ ಟಾರ್ಷನ್ ಅಲ್ಲ’ ಎನ್ನುವುದು ಅಪಾಯದ ತರ್ಕ. ಅರ್ಧ ಸುತ್ತು ತಿರುಚಿದಾಗ ಅಭಿಧಮನಿ ಮುಚ್ಚಿದ್ದರೂ ಧಮನಿ ಸ್ವಲ್ಪ ಹೊತ್ತು ಒಳಗೆ ರಕ್ತ ತಳ್ಳುತ್ತಲೇ ಇರುತ್ತದೆ. ಆಗ ರಕ್ತದ ಹರಿವಿನ ಅಲೆಯ ನಕ್ಷೆಯನ್ನು ಬಿಡಿಸಿ ನೋಡಬೇಕು. ಆರೋಗ್ಯವಾದ ವೃಷಣದಲ್ಲಿ ಹೃದಯ ವಿರಮಿಸುವ ಹೊತ್ತಿನಲ್ಲೂ ರಕ್ತ ಮುಂದಕ್ಕೆ ಹರಿಯುತ್ತಿರುತ್ತದೆ. ಒತ್ತಡ ಏರಿದಾಗ ಆ ಹರಿವು ಕುಗ್ಗುತ್ತದೆ, ನಿಲ್ಲುತ್ತದೆ, ಕೊನೆಗೆ ಹಿಮ್ಮುಖವಾಗುತ್ತದೆ.

ಇನ್ನೊಂದು ಸನ್ನಿವೇಶ ಇನ್ನೂ ಸೂಕ್ಷ್ಮ. ತಿರುಚಿದ ವೃಷಣ ಆಸ್ಪತ್ರೆಯ ದಾರಿಯಲ್ಲೇ ತಾನಾಗಿ ಬಿಚ್ಚಿಕೊಳ್ಳಬಹುದು. ನೋವು ಥಟ್ಟನೆ ಇಳಿಯುತ್ತದೆ. ಹಸಿದಿದ್ದ ಅಂಗಾಂಶಕ್ಕೆ ರಕ್ತ ನುಗ್ಗಿ ಬಣ್ಣ ಮಾಮೂಲಿಗಿಂತ ಹೆಚ್ಚೇ ಕಾಣುತ್ತದೆ. ಅದನ್ನು ಸೋಂಕೆಂದು ತಿಳಿದು ಆ್ಯಂಟಿಬಯೋಟಿಕ್ ಕೊಟ್ಟು ಕಳಿಸಿದರೆ, ಮತ್ತೊಂದು ರಾತ್ರಿ ಅದು ಪುನಃ ತಿರುಚಿ ಬಿಚ್ಚದೇ ಉಳಿಯಬಹುದು. ‘ಹಿಂದೆಯೂ ಹೀಗೆ ಬಂದು ಹೋಗಿತ್ತೇ?’ ಎಂಬ ಒಂದು ಪ್ರಶ್ನೆ ಇಲ್ಲಿ ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪುಟ್ಟ ಮಕ್ಕಳ ವೃಷಣದಲ್ಲಿ ಆರೋಗ್ಯವಿದ್ದರೂ ಬಣ್ಣ ಹಿಡಿಯುವುದು ಕಷ್ಟ.

ಹಾಗಾಗಿ ಯಂತ್ರದ ಮಾತನ್ನು ಪರೀಕ್ಷಿಸಿದ ವೈದ್ಯರ ಕೈ ಮತ್ತು ಕಣ್ಣಿನ ಮಾತಿನೊಂದಿಗೆ ಸೇರಿಸಿಯೇ ಓದಬೇಕು. ಸಂಶಯ ಬಲವಾಗಿದ್ದರೆ ತೆರೆದು ನೋಡುವುದೇ ಸರಿ. ತೆರೆದಾಗ ಟಾರ್ಷನ್ ಇಲ್ಲದಿದ್ದರೆ ಹುಡುಗನಿಗೆ ಒಂದು ಸಣ್ಣ ಗಾಯದ ಕಲೆ ಉಳಿಯುತ್ತದೆ. ತೆರೆಯದೆ ಬಿಟ್ಟು ಟಾರ್ಷನ್ ಇದ್ದದ್ದಾದರೆ ಒಂದು ವೃಷಣ ಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹುರಿಯನ್ನು ಬಿಚ್ಚಿ, ವೃಷಣ ಮತ್ತೆ ಕೆಂಪೇರುವುದನ್ನು ಕಾದು ನೋಡಿ, ಹೊಲಿಗೆ ಹಾಕಿ ಭದ್ರಪಡಿಸುತ್ತಾರೆ. ಅಂಟಿಲ್ಲದ ದೋಷ ಸಾಮಾನ್ಯವಾಗಿ ಎರಡೂ ಕಡೆ ಇರುವುದರಿಂದ ಇನ್ನೊಂದನ್ನೂ ಆಗಲೇ ಹೊಲಿಯುತ್ತಾರೆ. ಒಂದನ್ನು ಕಳೆದುಕೊಂಡವರೂ ಧೈರ್ಯಗೆಡಬೇಕಿಲ್ಲ. ಉಳಿದ ಒಂದು ಆರೋಗ್ಯವಾಗಿದ್ದರೆ ಗಂಡಸುತನಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಅದೇ ಸಾಕು.

ತಿರುಚದೆಯೂ ನೋಯುವುದು

ಏಳರಿಂದ ಹದಿನಾಲ್ಕರ ಹುಡುಗರಲ್ಲಿ ವೃಷಣದ ನೆತ್ತಿಯ ಮೇಲಿನ ಒಂದು ಸಣ್ಣ ಮೊಳಕೆ ಮಾತ್ರ ತಿರುಚಿಕೊಳ್ಳುವುದುಂಟು. ಚರ್ಮದ ಮೂಲಕ ನೀಲಿ ಚುಕ್ಕೆ ಕಂಡರೆ ಅದು ಗುರುತು. ಸ್ಕ್ಯಾನ್‌ನಲ್ಲಿ ವೃಷಣದೊಳಗಿನ ರಕ್ತಸಂಚಾರ ಚೆನ್ನಾಗಿರುತ್ತದೆ, ಪಕ್ಕದಲ್ಲಿ ಬಣ್ಣವಿಲ್ಲದ ಪುಟ್ಟ ಗಂಟು ಇರುತ್ತದೆ. ನೋವಿನ ಮಾತ್ರೆ, ವಿಶ್ರಾಂತಿ ಸಾಕು. ಒಂದು ಅನಗತ್ಯ ಶಸ್ತ್ರಚಿಕಿತ್ಸೆ ತಪ್ಪಿಸುವುದೂ ಅಲ್ಟ್ರಾಸೌಂಡ್‌ನ ಉಪಕಾರವೇ.

ದೊಡ್ಡವರಲ್ಲಿ ಸೋಂಕೇ ಹೆಚ್ಚು. ನೋವು ಒಂದೆರಡು ದಿನಗಳಲ್ಲಿ ನಿಧಾನವಾಗಿ ಏರುತ್ತದೆ, ಜ್ವರ ಇರಬಹುದು, ಮೂತ್ರ ಉರಿಯಬಹುದು. ಸ್ಕ್ಯಾನ್‌ನಲ್ಲಿ ಎಪಿಡಿಡಿಮಿಸ್ ಊದಿ, ಬಣ್ಣ ತುಂಬಿ ತುಳುಕುತ್ತಿರುತ್ತದೆ. ಯುವಕರಲ್ಲಿ ಲೈಂಗಿಕವಾಗಿ ಹರಡುವ ಸೋಂಕು, ಹಿರಿಯರಲ್ಲಿ ಮೂತ್ರದ ಸೋಂಕು ಸಾಮಾನ್ಯ ಕಾರಣ. ವಾಸಿಯಾಗದೆ ಎಳೆದಾಡಿದರೆ ನಮ್ಮ ದೇಶದಲ್ಲಿ ಕ್ಷಯವನ್ನು ನೆನೆಯಲೇಬೇಕು. ಪ್ರಾಯಕ್ಕೆ ಬಂದ ಗಂಡಸರಿಗೆ ಮಂಗನಬಾವು ಬಂದರೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆನ್ನೆ ಊದಿದ ಕೆಲವು ದಿನಗಳಲ್ಲಿ ವೃಷಣವೂ ಊದುತ್ತದೆ.

ನಮ್ಮ ನೆಲಕ್ಕೆ ಸೇರಿದ ಇನ್ನೊಂದು ಕಾರಣವಿದೆ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರಿನ ಕಡೆ, ಕರಾವಳಿಯ ಜಿಲ್ಲೆಗಳಲ್ಲಿ ಆನೆಕಾಲು ರೋಗ ಬಹುಕಾಲ ಕಾಡಿದೆ. ಸೊಳ್ಳೆಯಿಂದ ಬಂದು ಈ ರೋಗ ತರುವ ಫೈಲೇರಿಯಾ ಹುಳು ಕಾಲಿನಲ್ಲಿ ಮಾತ್ರ ಇರುತ್ತದೆ ಎಂಬುದು ಜನರ ತಿಳಿವಳಿಕೆ. ಆದರೆ ಗಂಡಸರಲ್ಲಿ ಬೆಳೆದ ಹುಳುಗಳಿಗೆ ಪ್ರಿಯವಾದ ನೆಲೆ ವೃಷಣಚೀಲದ ದುಗ್ಧನಾಳಗಳು. 1994ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದ ಸಂಶೋಧಕರು ಅಲ್ಟ್ರಾಸೌಂಡ್‌ನಲ್ಲಿ ಈ ಜೀವಂತ ಹುಳುಗಳನ್ನು ಕಂಡ ವರದಿ ಪ್ರಕಟಿಸಿದರು. ಹಿಗ್ಗಿದ ನಾಳದೊಳಗೆ ಹೊಳೆಯುವ ಎಳೆಗಳು ಬಿಡುವಿಲ್ಲದೆ, ಯಾವ ತಾಳಕ್ಕೂ ಸಿಗದಂತೆ ಹೊರಳಾಡುತ್ತವೆ. ‘ಫೈಲೇರಿಯಾ ನೃತ್ಯ’ ಎಂದೇ ಅದನ್ನು ಕರೆಯುತ್ತಾರೆ. ರಕ್ತದ ಬಡಿತಕ್ಕೆ ಲಯವಿದೆ, ಇದಕ್ಕಿಲ್ಲ; ಬೇರ್ಪಡಿಸುವ ಗುರುತು ಅದು. ಹುಳು ಸತ್ತಾಗ ಆ ಜಾಗ ಕೆರಳಿ ದಿಢೀರ್ ನೋವು, ಗಂಟು, ಜ್ವರ ಬರಬಹುದು. ರೋಗವಿರುವ ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆ ಮಾತ್ರೆ ನುಂಗಿಸಲು ಮನೆಗೆ ಬಂದಾಗ ‘ನನಗೇನೂ ಆಗಿಲ್ಲ’ ಎಂದು ಕಳಿಸಿಬಿಡುವವರು ಇದನ್ನು ನೆನಪಿಡಬೇಕು.

ಪೆಟ್ಟು, ಮುರಿತ, ಕೊಳೆತ

ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಗಾರ್ಡ್ ಧರಿಸದೆ ಬ್ಯಾಟ್ ಹಿಡಿಯುವ ಹುಡುಗರು ನಮ್ಮ ಮೈದಾನಗಳ ತುಂಬ ಇದ್ದಾರೆ. ಬೈಕ್ ಅಪಘಾತದಲ್ಲಿ ಪೆಟ್ರೋಲ್ ಟ್ಯಾಂಕಿಗೆ ಬಡಿದು ಬರುವವರೂ ಇದ್ದಾರೆ. ಇಲ್ಲಿ ಸ್ಕ್ಯಾನ್ ಉತ್ತರಿಸಬೇಕಾದ ಪ್ರಶ್ನೆ ಒಂದೇ: ವೃಷಣದ ಬಿಳಿಯ ಹೊದಿಕೆ ಅಖಂಡವಾಗಿದೆಯೇ? ಆ ಬಿಳಿ ಗೆರೆ ಒಂದು ಕಡೆ ತುಂಡಾಗಿ, ಅಂಡಾಕಾರ ಕೆಟ್ಟು, ಒಳಗಿನ ತಿರುಳು ಹೊರಚೆಲ್ಲಿದ್ದರೆ ಅದು ಒಡೆದಿದೆ. 72 ಗಂಟೆಯೊಳಗೆ ಹೊಲಿದರೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಉಳಿಯುತ್ತವೆ. ಪೆಟ್ಟಿನ ನೆಪದಲ್ಲಿ ಮಾಡಿದ ಸ್ಕ್ಯಾನ್‌ನಲ್ಲಿ ಗೊತ್ತೇ ಇಲ್ಲದ ಗೆಡ್ಡೆ ಸಿಗುವುದೂ ಉಂಟು. ಸಣ್ಣ ಪೆಟ್ಟಿನ ನೋವು ಒಂದೆರಡು ಗಂಟೆಗಳಲ್ಲಿ ಇಳಿಯದಿದ್ದರೆ ಅಲ್ಲೂ ಟಾರ್ಷನ್ ಇರಬಹುದು.

ಶಿಶ್ನದಲ್ಲಿ ಎಲುಬಿಲ್ಲ, ಆದರೂ ‘ಮುರಿತ’ವಾಗುತ್ತದೆ. ಅದರ ಗಟ್ಟಿ ಹೊದಿಕೆ ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ. ನಿಮಿರಿದಾಗ ಕಾಲು ಮಿಲಿಮೀಟರ್‌ನಷ್ಟು ತೆಳುವಾಗಬಹುದು. ಆಗ ಬಲವಾಗಿ ಬಾಗಿದರೆ ಚಟ್ಟೆಂದು ಸದ್ದಾಗಿ ಹರಿಯುತ್ತದೆ, ಊದಿ ಕಪ್ಪಾಗುತ್ತದೆ. ಸ್ಕ್ಯಾನ್ ಸೀಳಿನ ಜಾಗವನ್ನು ತೋರಿಸಿದರೆ ಸರ್ಜನ್ ಅಲ್ಲಿಯೇ ತೆರೆದು ಹೊಲಿಯಬಹುದು. ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದೆ ನೋಯುತ್ತಿದ್ದರೆ ಅದೂ ತುರ್ತುಸ್ಥಿತಿ. ಡಾಪ್ಲರ್‌ನಲ್ಲಿ ಒಳಧಮನಿಗಳ ಹರಿವು ನಿಂತಿರುವುದು ಕಂಡರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿದೆ ಎಂದರ್ಥ. 36 ಗಂಟೆ ದಾಟಿದರೆ ನಿಮಿರುವ ಶಕ್ತಿ ಮರಳುವುದು ಕಷ್ಟ. ಕುಡಗೋಲು ಕಣ ರಕ್ತಹೀನತೆ ಇರುವ ಹುಡುಗರಿಗೆ ಈ ಅಪಾಯ ಹೆಚ್ಚು. ಮೈಸೂರು, ಚಾಮರಾಜನಗರದ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇರುವುದರಿಂದ ಅಲ್ಲಿನ ಆರೋಗ್ಯ ಕಾರ್ಯಕರ್ತರು ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಕೊನೆಯದು ಎಲ್ಲಕ್ಕಿಂತ ಭಯಾನಕ. ಪ್ಯಾರಿಸ್ಸಿನ ವೈದ್ಯ ಫೂರ್ನಿಯೆ 1883ರಲ್ಲಿ ವಿವರಿಸಿದ, ಅವನ ಹೆಸರಲ್ಲೇ ಕರೆಯುವ ಕೊಳೆತ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಹೆಚ್ಚು. ಸಣ್ಣ ಕುರುವಿನಿಂದ ಶುರುವಾದ ಸೋಂಕು ಚರ್ಮದಡಿಯಲ್ಲಿ ಗಂಟೆಗಂಟೆಗೂ ಹಬ್ಬುತ್ತದೆ. ಚರ್ಮದ ಮೇಲೆ ಕಾಣುವುದಕ್ಕಿಂತ ನೋವು ವಿಪರೀತ ಹೆಚ್ಚು. ಸ್ಕ್ಯಾನ್‌ನಲ್ಲಿ ದಪ್ಪಗಾದ ಚರ್ಮದೊಳಗೆ ಹೊಳೆಯುವ ಗಾಳಿಯ ಕಣಗಳು, ಅವುಗಳ ಹಿಂದೆ ಮಸುಕಾದ ನೆರಳು. ಅದನ್ನು ಕಂಡ ಮೇಲೆ ಕಾಯುವ ಮಾತಿಲ್ಲ. ಕೊಳೆತದ್ದನ್ನು ತೆಗೆಯದಿದ್ದರೆ ಪ್ರಾಣವೇ ಹೋಗುತ್ತದೆ.

ನಾವು ಮಾಡಬೇಕಾದದ್ದು

ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರಕ್ಕೆ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕಾವಲಿದೆ. ಯಂತ್ರ ಎಲ್ಲಿರಬೇಕು, ಯಾರು ಬಳಸಬೇಕು ಎಂಬುದು ನೋಂದಣಿಯಾಗಿರಬೇಕು. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಆ ಕಾಯ್ದೆ ಬೇಕೇ ಬೇಕು. ಅದನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಆದರೆ ನೋಂದಾಯಿತ ತಜ್ಞರು ಹಗಲು ಮಾತ್ರ ಇರುವ ಊರಿನಲ್ಲಿ ರಾತ್ರಿ ಎರಡು ಗಂಟೆಗೆ ಯಂತ್ರವಿದ್ದೂ ಇಲ್ಲದಂತೆ. ಇದಕ್ಕೆ ಪರಿಹಾರ ಎರಡು. ಜಿಲ್ಲಾ ಮಟ್ಟದಲ್ಲಿ ದಿನದ 24 ಗಂಟೆಯೂ ಡಾಪ್ಲರ್ ಮಾಡಬಲ್ಲ ತಜ್ಞರು ಕರೆಗೆ ಸಿಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಮತ್ತು ಅರಿವಳಿಕೆ ತಜ್ಞರಿದ್ದರೆ, ಟಾರ್ಷನ್‌ನ ಲಕ್ಷಣಗಳು ಸ್ಪಷ್ಟವಿದ್ದರೆ, ಸ್ಕ್ಯಾನ್ ಇಲ್ಲ ಎಂಬ ಕಾರಣಕ್ಕೆ ನೂರು ಕಿಲೋಮೀಟರ್ ದೂರಕ್ಕೆ ಕಳಿಸಬಾರದು. ಅಲ್ಲಿಯೇ ತೆರೆಯಬೇಕು. ಇದು ಜನರಲ್ ಸರ್ಜನ್‌ಗಳಿಗೆ ಬರುವ ಶಸ್ತ್ರಚಿಕಿತ್ಸೆಯೇ.

ಶಾಲೆಗಳಿಗೆ ಒಂದು ಮನವಿ. ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ತಿಳಿಹೇಳುವ ಕೆಲಸ ಈಗ ಅನೇಕ ಕಡೆ ನಡೆಯುತ್ತಿದೆ. ಗಂಡುಮಕ್ಕಳಿಗೂ ಹತ್ತು ನಿಮಿಷ ಕೊಡಿ. ‘ಅಲ್ಲಿ ದಿಢೀರನೆ ನೋವು ಬಂದರೆ ರಾತ್ರಿಯಾದರೂ ಎಬ್ಬಿಸಿ ಹೇಳು, ಯಾರೂ ಬೈಯುವುದಿಲ್ಲ, ನಗುವುದಿಲ್ಲ’ ಎಂಬ ಭರವಸೆ ಆ ಹತ್ತು ನಿಮಿಷದಲ್ಲಿ ಸಿಗಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಂದ ಹಿಡಿದು ಖಾಸಗಿ ಹಾಸ್ಟೆಲ್‌ಗಳವರೆಗೆ ಪ್ರತಿ ವಾರ್ಡನ್‌ನ ತುರ್ತು ಪಟ್ಟಿಯಲ್ಲಿ ಹಾವು ಕಡಿತ, ಫಿಟ್ಸ್‌ಗಳ ಜೊತೆ ಈ ನೋವೂ ಸೇರಲಿ. ಶಾಖ ಕೊಡುವುದು, ಎಣ್ಣೆ ತಿಕ್ಕುವುದು, ನೋವಿನ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯುವುದು ಬೇಡ. 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಹಾಗಾಗಿ ಊಟ ಕೊಡಬೇಡಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ.

ತಂದೆಯಂದಿರೇ, ಈ ಮಾತನ್ನು ನಿಮ್ಮ ಮಗನಿಗೆ ನೀವೇ ಹೇಳಬೇಕು. ಅಣ್ಣಂದಿರೇ, ತಮ್ಮಂದಿರಿಗೆ ಹೇಳಿ. ತಾಯಂದಿರು ಹೇಳಿದರೆ ಇನ್ನೂ ಒಳ್ಳೆಯದು. ಮಗ ಯಾವ ನೋವನ್ನಾದರೂ ಅಮ್ಮನಿಗೆ ಹೇಳಬಹುದು ಎಂಬುದು ಅವನಿಗೆ ಆಗಲೇ ತಿಳಿಯುತ್ತದೆ. ಈ ಸಭೆಯಲ್ಲಿರುವ ಒಬ್ಬೊಬ್ಬರೂ ಒಬ್ಬ ಹುಡುಗನಿಗೆ ಇದನ್ನು ತಲುಪಿಸಿದರೆ ಈ ದತ್ತಿಯ ಹಣ ಸಾರ್ಥಕವಾದಂತೆ. ಆ ಹುಡುಗ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲಿಗೆ ಬಂದರೆ ಮುಂದಿನ ಹೊಣೆ ನಮ್ಮದು, ವೈದ್ಯರದ್ದು.